ಈ ವರ್ಷದ ಗೆಲುವು, ಮುಂದಿನ ವರ್ಷದ ತಂಡ: ಸಣ್ಣ ತಂಡಗಳ ಲೆಕ್ಕಾಚಾರ

ಹಣ ಮತ್ತು ಸೌಲಭ್ಯದಲ್ಲಿ ಹಿಂದಿರುವ ಕ್ರೀಡಾ ತಂಡ ಎರಡು ಕೆಲಸಗಳನ್ನು ಒಟ್ಟಿಗೆ ಮಾಡಬೇಕಾಗುತ್ತದೆ. ಈ ವರ್ಷ ಗೆಲ್ಲಬೇಕು. ಕೆಲವು ವರ್ಷಗಳ ನಂತರವೂ ಗೆಲ್ಲಬಲ್ಲ ತಂಡವಾಗಿ ಉಳಿಯಬೇಕು. ಶ್ರೀಮಂತ ತಂಡಕ್ಕೆ ಇದು ದೊಡ್ಡ ಸಮಸ್ಯೆಯಲ್ಲ. ಒಬ್ಬ ಒಳ್ಳೆಯ ಆಟಗಾರ ಹೋದರೆ ಇನ್ನೊಬ್ಬನನ್ನು ಹಣ ಕೊಟ್ಟು ಕರೆತರುತ್ತದೆ. ಸಣ್ಣ ತಂಡ ಆಟಗಾರರನ್ನು ತಾನೇ ಬೆಳೆಸಿಕೊಳ್ಳಬೇಕು. ಬೆಳೆಯುವವರಿಗೆ ತಂಡದಲ್ಲಿ ಸ್ಥಾನ ಕೊಡಬೇಕು. ಆ ಸ್ಥಾನವನ್ನು ಇಂದು ಗೆಲ್ಲಿಸಬಲ್ಲ ಒಬ್ಬರಿಂದ ತೆಗೆದೇ ಕೊಡಬೇಕಾಗುತ್ತದೆ. ಈ ಸಮತೋಲನ ಹೇಗೆ ಸಾಧ್ಯ ಎಂಬುದನ್ನು ವಿವರಿಸುವುದು ಮತ್ತು ಅದನ್ನು ಶಾಲಾ ತಂಡಕ್ಕೂ ಗಣಿತದ ತರಗತಿಗೂ ಅನ್ವಯಿಸುವುದು ಈ ಲೇಖನದ ಉದ್ದೇಶ.

ವಿದರ್ಭದ ಉದಾಹರಣೆ

ರಣಜಿ ಟ್ರೋಫಿಯನ್ನು ಕರ್ನಾಟಕ 8 ಬಾರಿ ಗೆದ್ದಿದೆ. ನಾಗಪುರ ಕೇಂದ್ರವಾಗಿರುವ ವಿದರ್ಭ 2017-18ಕ್ಕೆ ಮೊದಲು ಒಮ್ಮೆಯೂ ಗೆದ್ದಿರಲಿಲ್ಲ. ಆ ಋತುವಿನ ಸೆಮಿಫೈನಲ್‌ನಲ್ಲಿ, ಕೋಲ್ಕತ್ತಾದಲ್ಲಿ, ಅದು ಕರ್ನಾಟಕವನ್ನು 5 ರನ್‌ಗಳಿಂದ ಸೋಲಿಸಿತು. ನಂತರ ಫೈನಲ್‌ನಲ್ಲಿ ದೆಹಲಿಯನ್ನೂ ಸೋಲಿಸಿ ಪ್ರಶಸ್ತಿ ಪಡೆಯಿತು. ಮುಂದಿನ ಋತುವಿನಲ್ಲಿ ಅದನ್ನು ಉಳಿಸಿಕೊಂಡಿತು.

ಇದರ ಹಿಂದೆ ಎರಡು ಬಗೆಯ ಸಿದ್ಧತೆಯಿತ್ತು. ಮೊದಲನೆಯದು, ಕಿರಿಯರಿಗಾಗಿ ಅಕಾಡೆಮಿ ನಡೆಸಿ ಸ್ಥಳೀಯರನ್ನು ವರ್ಷಗಟ್ಟಲೆ ತಯಾರು ಮಾಡಿದ್ದು. ಎರಡನೆಯದು, ಹೊರಗಿನ ಅನುಭವಿಗಳನ್ನು ಕರೆತಂದದ್ದು. ರಣಜಿ ನಿಯಮದಂತೆ ಒಂದು ತಂಡ ಮೂವರವರೆಗೆ ಹೊರಗಿನ ಆಟಗಾರರನ್ನು ಸೇರಿಸಿಕೊಳ್ಳಬಹುದು. ವಿದರ್ಭದಲ್ಲಿ ಆಗ 39 ವರ್ಷದ ವಾಸಿಂ ಜಾಫರ್ ಇದ್ದರು, ಹಿಂದೆ ಕರ್ನಾಟಕಕ್ಕೆ ಆಡಿದ್ದ ಗಣೇಶ್ ಸತೀಶ್ ಇದ್ದರು. ಆದರೆ ಸೆಮಿಫೈನಲ್‌ನ ಎರಡನೇ ಇನಿಂಗ್ಸ್‌ನಲ್ಲಿ ಕರ್ನಾಟಕದ 7 ವಿಕೆಟ್ ಕಿತ್ತವರು ವಿದರ್ಭದ್ದೇ ಬೌಲರ್ ರಜನೀಶ್ ಗುರ್ಬಾನಿ.

2024-25ರಲ್ಲಿ ವಿದರ್ಭ ಮೂರನೆಯ ಬಾರಿ ಗೆದ್ದಾಗಲೂ ಇದೇ ಮಾದರಿ ಕಾಣಿಸಿತು. ಕರ್ನಾಟಕದಿಂದ ಹೋಗಿದ್ದ ಕರುಣ್ ನಾಯರ್ ಆ ಋತುವಿನಲ್ಲಿ 863 ರನ್ ಗಳಿಸಿದರು. ಸ್ಥಳೀಯ ಯಶ್ ರಾಥೋಡ್ 960 ರನ್ ಗಳಿಸಿದರೆ, 22 ವರ್ಷದ ಹರ್ಷ್ ದುಬೆ 69 ವಿಕೆಟ್ ಪಡೆದು ಒಂದು ಋತುವಿನ ದಾಖಲೆ ಬರೆದರು. ಕೇರಳದ ವಿರುದ್ಧದ ಫೈನಲ್‌ನಲ್ಲಿ ಕರುಣ್ ನಾಯರ್ ಮತ್ತು ಅದೇ ಋತುವಿನಲ್ಲಿ ಪದಾರ್ಪಣೆ ಮಾಡಿದ್ದ ದಾನಿಶ್ ಮಾಲೇವಾರ್ ಸೇರಿ 215 ರನ್ ಜೊತೆಯಾಟ ಆಡಿದರು. ಒಂದು ತುದಿಯಲ್ಲಿ ಈ ವರ್ಷದ ಗೆಲುವಿಗಾಗಿ ಬಂದವರು, ಇನ್ನೊಂದು ತುದಿಯಲ್ಲಿ ಮುಂದಿನ ಹತ್ತು ವರ್ಷ ಆಡಬಹುದಾದವರು. ಕರುಣ್ ನಾಯರ್ ನಂತರ ಕರ್ನಾಟಕಕ್ಕೆ ಮರಳಿದರು. ಮಾಲೇವಾರ್ ಅವರಿಗೆ ಆ ಜೊತೆಯಾಟದ ಅನುಭವ ಉಳಿಯಿತು. ಹೊರಗಿನ ಅನುಭವಿಯಿಂದ ಸಣ್ಣ ತಂಡಕ್ಕೆ ಸಿಗುವ ದೊಡ್ಡ ಲಾಭ ಇದು.

ಬೇಸ್‌ಬಾಲ್‌ನ ಆರು ವರ್ಷ

ಅಮೆರಿಕದ ಬೇಸ್‌ಬಾಲ್‌ನಲ್ಲಿ ಈ ಸಮಸ್ಯೆ ಇನ್ನೂ ತೀವ್ರ. ಐಪಿಎಲ್‌ನಲ್ಲಿ ಹರಾಜಿಗೆ ಎಲ್ಲ ತಂಡಗಳಿಗೂ ಒಂದೇ ಮೊತ್ತದ ಮಿತಿ ಇದೆ. ಅಲ್ಲಿ ಸಂಬಳಕ್ಕೆ ಅಂಥ ಕಟ್ಟುನಿಟ್ಟಿನ ಮಿತಿ ಇಲ್ಲ. ಆದರೆ ಸಣ್ಣ ತಂಡಗಳಿಗೆ ನೆರವಾಗುವ ಒಂದು ನಿಯಮವಿದೆ. ಹೊಸ ಆಟಗಾರ ಪ್ರಮುಖ ಲೀಗ್‌ನಲ್ಲಿ ಆರು ವರ್ಷ ಸೇವೆ ಪೂರೈಸುವವರೆಗೆ ಸಾಮಾನ್ಯವಾಗಿ ತನ್ನ ಇಷ್ಟದ ತಂಡಕ್ಕೆ ಹೋಗುವಂತಿಲ್ಲ. ಆ ನಂತರ ಹೆಚ್ಚು ಹಣ ಕೊಡುವವರ ಕಡೆ ಹೋಗಬಹುದು. ಹಾಗಾಗಿ ಸಣ್ಣ ತಂಡದ ಯೋಜನೆಯೆಲ್ಲ ಈ ಆರು ವರ್ಷದ ಸುತ್ತ ನಡೆಯುತ್ತದೆ.

ಮೂರು ತಂಡಗಳು ಮೂರು ಪಾಠ ಹೇಳುತ್ತವೆ. ಪಿಟ್ಸ್‌ಬರ್ಗ್ ತಂಡ 1993ರಿಂದ 2012ರವರೆಗೆ ಸತತ 20 ಋತುಗಳಲ್ಲಿ ಗೆಲುವಿಗಿಂತ ಹೆಚ್ಚು ಸೋಲು ಕಂಡಿತು. ‘ಮುಂದೆ ಗೆಲ್ಲುತ್ತೇವೆ’ ಎಂಬ ಮಾತಿಗೆ ಗಡುವು ಇಲ್ಲದಿದ್ದರೆ ಆ ‘ಮುಂದೆ’ ಬರುವುದೇ ಇಲ್ಲ. ಕಾನ್ಸಾಸ್ ಸಿಟಿ ತಂಡ ತಾನು ಬೆಳೆಸಿದ ಯುವಕರನ್ನು ಬಿಟ್ಟುಕೊಟ್ಟು ಅನುಭವಿಗಳನ್ನು ತಂದಿತು, 2015ರಲ್ಲಿ ಪ್ರಶಸ್ತಿ ಗೆದ್ದಿತು; 2018 ಮತ್ತು 2019ರಲ್ಲಿ ತಲಾ ನೂರಕ್ಕೂ ಹೆಚ್ಚು ಪಂದ್ಯ ಸೋತಿತು. ಟ್ಯಾಂಪಾ ಬೇ ತಂಡ ತಾರಾ ಆಟಗಾರರನ್ನು ಅವರ ಅವಧಿ ಮುಗಿಯುವ ಮೊದಲೇ ಬೇರೆ ತಂಡಕ್ಕೆ ಕೊಟ್ಟು, ಬದಲಿಗೆ ಕಿರಿಯರನ್ನು ಪಡೆಯುತ್ತಾ ಬಂತು. ಅದು 2019ರಿಂದ 2023ರವರೆಗೆ ಪ್ರತಿವರ್ಷ ಅಂತಿಮ ಸುತ್ತಿನ ಪಂದ್ಯಗಳಿಗೆ ಅರ್ಹತೆ ಗಳಿಸಿದರೂ ಪ್ರಶಸ್ತಿ ಮಾತ್ರ ಸಿಕ್ಕಿಲ್ಲ. ಯಾವ ದಾರಿಯೂ ಪುಕ್ಕಟೆಯಲ್ಲ.

ಶಾಲಾ ತಂಡದ ಮೂರು ವರ್ಷ

ನಮ್ಮ ಪ್ರೌಢಶಾಲೆಗಳ ತಂಡಗಳಿಗೆ ಆರು ವರ್ಷವೂ ಇಲ್ಲ. ಎಂಟನೇ ತರಗತಿಗೆ ಸೇರಿದ ಮಗು ಹತ್ತನೇ ತರಗತಿ ಮುಗಿಸಿ ಹೋಗುವವರೆಗೆ ಸಿಗುವುದು ಮೂರೇ ವರ್ಷ. ತುಮಕೂರು ನಗರದಲ್ಲಿ ಒಂದೊಂದು ತರಗತಿಗೆ ಮೂರು ನಾಲ್ಕು ವಿಭಾಗಗಳಿರುವ ಶಾಲೆಗೆ ಆಯ್ಕೆ ಹೆಚ್ಚು. ಹಳ್ಳಿಯ ಶಾಲೆಯಲ್ಲಿ ಇರುವವರೇ ತಂಡ.

ಗುಬ್ಬಿ ತಾಲ್ಲೂಕಿನಲ್ಲಿ ನಾನು ಬೋಧನಾಭ್ಯಾಸ ಮಾಡಿದ ಪ್ರೌಢಶಾಲೆಯ ಕಬಡ್ಡಿ ತಂಡದ 12 ಮಂದಿಯಲ್ಲಿ 10 ಮಂದಿ ಹತ್ತನೇ ತರಗತಿಯವರು. ಕುಣಿಗಲ್ ತಾಲ್ಲೂಕಿನಲ್ಲಿ ಬೋಧನಾಭ್ಯಾಸ ಮಾಡಿದ ನನ್ನ ಸಹಪಾಠಿಯ ಶಾಲೆಯಲ್ಲಿ ಆ ಸಂಖ್ಯೆ 7. ಈ ವ್ಯತ್ಯಾಸವನ್ನು ಲೆಕ್ಕ ಹಾಕಿ ನೋಡೋಣ.

ಮೊದಲ ತಂಡದಲ್ಲಿ ಮುಂದಿನ ವರ್ಷಕ್ಕೆ ಉಳಿಯುವ ಅನುಭವಿಗಳು 2. ಎರಡನೆಯದರಲ್ಲಿ ಹತ್ತನೆಯವರು 7, ಒಂಬತ್ತನೆಯವರು 3, ಎಂಟನೆಯವರು 2 ಇದ್ದರೆ, ಉಳಿಯುವವರು 5. ಕಬಡ್ಡಿಯಲ್ಲಿ ಅಂಕಣಕ್ಕೆ ಇಳಿಯುವವರು 7 ಮಂದಿ. ಉಳಿದ 5 ಮಂದಿ ಬದಲಿ ಆಟಗಾರರು. ಅಂದರೆ ಅತ್ಯಂತ ಬಲಶಾಲಿಗಳಾದ ಏಳು ಮಂದಿಯನ್ನು ಮುಟ್ಟದೆ, ಬದಲಿ ಸ್ಥಾನಗಳನ್ನಷ್ಟೇ ಕಿರಿಯರಿಗೆ ಕೊಟ್ಟರೂ ಐವರು ತಯಾರಾಗುತ್ತಾರೆ. ಇಂದಿನ ಗೆಲುವಿಗೆ ತಗಲುವ ಬೆಲೆ ನಾವು ಭಾವಿಸುವುದಕ್ಕಿಂತ ಕಡಿಮೆ. ಆದರೆ ಅವರು ಬರೀ ಕುಳಿತು ನೋಡಿದರೆ ಸಾಲದು. ತಂಡ ಸಾಕಷ್ಟು ಅಂಕ ಮುಂದಿರುವಾಗ ಅವರನ್ನು ಅಂಕಣಕ್ಕೆ ಇಳಿಸಬೇಕು. ಎಂಟನೆಯ ಮಗುವಿನ ಮೈಕಟ್ಟು ನೋಡಿಕೊಂಡು ಇಳಿಸಬೇಕೆಂಬುದನ್ನೂ ಮರೆಯಬಾರದು.

ಇಲ್ಲಿ ನಿಜವಾದ ನಷ್ಟ ಅನುಭವಿಸುವವರು ಯಾರು? ಎಂಟನೆಯಿಂದ ಕಾದು, ಹತ್ತನೆಯಲ್ಲಾದರೂ ಜರ್ಸಿ ತೊಡುತ್ತೇನೆಂದುಕೊಂಡಿದ್ದ ಮಕ್ಕಳು. ಅವರಿಗೆ ಮುಂದಿನ ವರ್ಷ ಎಂಬುದಿಲ್ಲ. ಒಂದೇ ವರ್ಷದಲ್ಲಿ ಪದ್ಧತಿ ಬದಲಿಸಿದರೆ ಆ ವರ್ಷದ ಹತ್ತನೆಯವರಿಗೆ ಅನ್ಯಾಯವಾಗುತ್ತದೆ. ಆದ್ದರಿಂದ ಮೊದಲ ವರ್ಷ ಒಂದೆರಡು ಸ್ಥಾನ, ಮರುವರ್ಷ ಇನ್ನೆರಡು, ಹೀಗೆ ಹಂತಹಂತವಾಗಿ ಬದಲಿಸುವುದು ಸರಿಯೆಂದು ನನ್ನ ಅಭಿಪ್ರಾಯ. ಸ್ಥಾನಗಳ ಲೆಕ್ಕವನ್ನು ವರ್ಷದ ಆರಂಭದಲ್ಲೇ ಎಲ್ಲರಿಗೂ ತಿಳಿಸಿದರೆ ಮನಸ್ತಾಪವೂ ಕಡಿಮೆ.

ತರಗತಿಯಲ್ಲಿ ಬಳಸುವ ಬಗೆ

ದತ್ತಾಂಶ ನಿರ್ವಹಣೆಯ ಪಾಠಕ್ಕೆ ಇದು ಸಿದ್ಧ ಸಾಮಗ್ರಿ. ಮಕ್ಕಳನ್ನು ನಾಲ್ಕು ಗುಂಪು ಮಾಡಿ, 12 ಸ್ಥಾನಗಳನ್ನು ಮೂರು ತರಗತಿಗಳಿಗೆ ಹಂಚಲು ಹೇಳಬಹುದು. ಪ್ರತಿ ಗುಂಪು ಮುಂದಿನ ಮೂರು ವರ್ಷಗಳಿಗೆ ‘ಅನುಭವಿಗಳು ಎಷ್ಟು, ಹೊಸಬರು ಎಷ್ಟು’ ಎಂಬ ಕೋಷ್ಟಕ ಬರೆದು ಸ್ತಂಭಾಲೇಖ ಎಳೆಯಬೇಕು. 12-0-0 ಹಂಚಿಕೆಯಲ್ಲಿ ಮರುವರ್ಷದ ಅನುಭವಿಗಳ ಸ್ತಂಭವೇ ಇರುವುದಿಲ್ಲ. 4-4-4ರಲ್ಲಿ ಅದು 8ಕ್ಕೆ ಏರುತ್ತದೆ, ಆದರೆ ಈ ವರ್ಷ ಹಿರಿಯರು ನಾಲ್ವರೇ. ‘ನೀವು ಯಾವುದನ್ನು ಆರಿಸುತ್ತೀರಿ, ಯಾಕೆ?’ ಎಂಬ ಪ್ರಶ್ನೆಗೆ ಒಂದೇ ಸರಿಯುತ್ತರವಿಲ್ಲ. ಮೌಲ್ಯಮಾಪನದಲ್ಲಿ ಕೊಟ್ಟ ಕಾರಣಕ್ಕೆ ಅಂಕ ನೀಡಬೇಕು.

ಅಂಕಣದಿಂದ ತರಗತಿಗೆ

ಶಿಕ್ಷಕರ ಸಮಯವೂ 12 ಸ್ಥಾನಗಳ ತಂಡದಂತೆಯೇ ಸೀಮಿತ. ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಜಿಲ್ಲೆಗಳಿಗೆ ಸ್ಥಾನ ಸಿಗುತ್ತದೆ, ಶಾಲೆಗೂ ಶೇಕಡಾವಾರು ಲೆಕ್ಕವಿದೆ. ಸಹಜವಾಗಿಯೇ ವಿಶೇಷ ತರಗತಿ, ಪಾಸಿಂಗ್ ಪ್ಯಾಕೇಜ್, ಸಂಜೆಯ ಓದು ಎಲ್ಲವೂ ಹತ್ತನೇ ತರಗತಿಗೆ ಹೋಗುತ್ತವೆ. ಇದು ತಪ್ಪಲ್ಲ, ಆ ಮಕ್ಕಳ ಪರೀಕ್ಷೆ ಈ ವರ್ಷವೇ ಇದೆ. ಆದರೆ ಭಿನ್ನರಾಶಿ ಬಾರದೆ ಎಂಟನೆಗೆ ಬಂದ ಮಗುವಿಗೆ ವಾರಕ್ಕೆ ಒಂದು ಅವಧಿಯೂ ಸಿಗದಿದ್ದರೆ, ಎರಡು ವರ್ಷದ ನಂತರ ಅದೇ ಮಗುವಿಗೆ ಪಾಸಿಂಗ್ ಪ್ಯಾಕೇಜ್ ಬೇಕಾಗುತ್ತದೆ. ಬದಲಿ ಆಟಗಾರರ ಐದು ಸ್ಥಾನದಂತೆ, ವೇಳಾಪಟ್ಟಿಯಲ್ಲಿ ಹತ್ತನೆಯವರಿಗೆ ತೊಂದರೆಯಾಗದೆ ಬಿಟ್ಟುಕೊಡಬಹುದಾದ ಅವಧಿಗಳು ಯಾವುವು ಎಂದು ಹುಡುಕಿ ಎಂಟನೆಗೆ ಮೀಸಲಿಡಬೇಕು. ಸಣ್ಣ ಶಾಲೆಯಲ್ಲಿ ಒಬ್ಬರೇ ಗಣಿತ ಶಿಕ್ಷಕರಿರುವಾಗ ಆ ಹುಡುಕಾಟವನ್ನು ಜನವರಿಗೆ ಬಿಡದೆ ಜೂನ್‌ನಲ್ಲೇ, ವೇಳಾಪಟ್ಟಿ ಬರೆಯುವಾಗಲೇ ಮಾಡುವುದು ಒಳ್ಳೆಯದು.