ಮಲೇರಿಯ ಲಸಿಕೆಯ ಪರೀಕ್ಷೆ

ದೆಹಲಿಯ ವಿಜ್ಞಾನಿಗಳು ರೂಪಿಸಿದ ಮಲೇರಿಯ ಲಸಿಕೆಯೊಂದನ್ನು ಬೆಂಗಳೂರಿನಲ್ಲಿ 36 ಮಂದಿ ಆರೋಗ್ಯವಂತ ಗಂಡಸರನ್ನು ಸೇರಿಸಿಕೊಂಡು ಪರೀಕ್ಷಿಸಿದರು. ವರದಿ 2018ರಲ್ಲಿ ಪ್ರಕಟವಾಯಿತು. ವೈವ್ಯಾಕ್ಸ್ ಎಂಬ ರೋಗಾಣು ಕೆಂಪು ರಕ್ತಕಣದೊಳಕ್ಕೆ ನುಗ್ಗಲು ಬಳಸುವ ಸಸಾರಜನಕವೇ ಈ ಲಸಿಕೆಯ ತಿರುಳು. ಗಂಭೀರ ಹಾನಿಯೇನೂ ಕಾಣಲಿಲ್ಲ. ರಕ್ತದಲ್ಲಿ ಪ್ರತಿಕಾಯಗಳು ಮೂಡಿದುವು. ಆದರೆ ಅವು ಜ್ವರವನ್ನು ತಡೆದಾವೆ?

ನಮ್ಮ ತೆಂಗಿನ ಸೀಮೆಯ ಸಂಪಿಗೆಯಂಥ ಊರಿನಲ್ಲಿ ಇದನ್ನು ಪರೀಕ್ಷಿಸುವೆವೆಂದು ಭಾವಿಸೋಣ. ಸಾವಿರ ಜನರಲ್ಲಿ ವರ್ಷಕ್ಕೆ ಒಬ್ಬರಿಗಷ್ಟೆ ಮಲೇರಿಯ ಬರುವುದಾದರೆ, ಲಸಿಕೆ ಪಡೆದ 500 ಮಂದಿ ಸುಖವಾಗಿರುವುದು ಲಸಿಕೆಯಿಂದಲೋ, ಸೊಳ್ಳೆ ಕಚ್ಚದ ಅದೃಷ್ಟದಿಂದಲೋ? ಉತ್ತರಕ್ಕೆ ಹತ್ತಾರು ಸಾವಿರ ಮಂದಿ ಬೇಕಾದಾರು. ರೋಗ ಇಳಿದಷ್ಟೂ ಪರೀಕ್ಷೆ ಕಠಿನವಾಗುವುದು ವಿಚಿತ್ರವಲ್ಲವೆ!

ವೈವ್ಯಾಕ್ಸಿನ ಕಪಟ ಇನ್ನೊಂದಿದೆ. ಅದು ಯಕೃತ್ತಿನಲ್ಲಿ ತಿಂಗಳುಗಟ್ಟಲೆ ನಿದ್ರಿಸಿ ಮರಳಿ ಏಳಬಲ್ಲುದು. ಲಸಿಕೆಯ ಬಳಿಕ ಜ್ವರ ಬಂದರೆ ಅದು ಹೊಸ ಕಡಿತದ ಫಲವೋ, ಹಳೆಯ ರೋಗಾಣು ಎಚ್ಚತ್ತುದೋ ತಿಳಿಯುವುದು ಬಹು ಕಷ್ಟ.

ಆದುದರಿಂದ ಆಕ್ಸ್‌ಫರ್ಡಿನಲ್ಲಿ ಅದೇ ಸಸಾರಜನಕದ ಲಸಿಕೆ ಪಡೆದ ಸ್ವಯಂಸೇವಕರಿಗೆ, ವೈದ್ಯರ ಕಣ್ಗಾವಲಿನಲ್ಲಿ, ರೋಗಾಣುವುಳ್ಳ ರಕ್ತವನ್ನು ಬೇಕೆಂದೇ ಚುಚ್ಚಿದರು. ಹೀಗೆ ಹೊಕ್ಕ ರೋಗಾಣು ಯಕೃತ್ತನ್ನು ಸೇರದು. ಡೋಸುಗಳ ನಡುವೆ ಹೆಚ್ಚು ಅಂತರವಿಟ್ಟವರಲ್ಲಿ ರೋಗಾಣುವಿನ ವೃದ್ಧಿಯ ವೇಗ ಸುಮಾರು ಅರ್ಧಕ್ಕಿಳಿಯಿತೆಂದು 2023ರಲ್ಲಿ ವರದಿಯಾಯಿತು. ವೃದ್ಧಿ ನಿಲ್ಲಲಿಲ್ಲವೆಂಬುದನ್ನೂ ಹೇಳಬೇಕು.