ಎರಿ ಹೊಲದ ಹಸಿ

ಜನವರಿಯಲ್ಲಿ ಕುಕನೂರಿನಿಂದ ಯಲಬುರ್ಗಾ ಕಡೆಗೆ ಹೊರಟರೆ ಎರಿ ಹೊಲಗಳಲ್ಲಿ ಬಿಳಿಜೋಳ ತೆನೆ ಹಿಡಿದು ನಿಂತಿರುತ್ತದೆ. ಮಳೆ ಹೋಗಿ ಎರಡು ತಿಂಗಳು ಕಳೆದಿರುತ್ತದೆ. ನೆಲವೋ ಮುಂಗೈ ಇಳಿಯುವಷ್ಟು ಬಾಯಿ ಬಿಟ್ಟಿರುತ್ತದೆ. ಕಾಲುವೆಯಿಲ್ಲ, ಬೋರಿಲ್ಲ, ಆದರೂ ಬೆಳೆ ಜೀವ ಹಿಡಿದಿದೆ. ಹೇಗೆಂದು ಕೇಳಿದರೆ ಹೊಲದವರು ಹೇಳುವುದು ಇಷ್ಟೇ: “ಮ್ಯಾಲೆ ಒಣಗೇತ್ರಿ, ಒಳಗ ಹಸಿ ಐತಿ.”

ಆ ‘ಹಸಿ’ಯ ಬಗ್ಗೆಯೇ ನನಗೆ ಬೆರಗು. ನೀರೆಂದರೆ ತಗ್ಗು ಹುಡುಕಿ ಹರಿದುಹೋಗುವಂಥದ್ದು. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬಿದ್ದ ಮಳೆ ಜನವರಿಯವರೆಗೆ ಬೇರಿನ ಸುತ್ತ ತಡೆದು ನಿಂತಿದ್ದಾದರೂ ಹೇಗೆ?

ನೀರಿನ ಒಂದು ಅಣುವಿನಲ್ಲಿ ಒಂದು ಆಮ್ಲಜನಕ, ಎರಡು ಜಲಜನಕ. ಮೂರೂ ಒಂದೇ ಗೆರೆಯಲ್ಲಿಲ್ಲ, ಬಾಗಿ ಕೂತಿವೆ. ಆಮ್ಲಜನಕ ಎಲೆಕ್ಟ್ರಾನುಗಳನ್ನು ತನ್ನತ್ತ ಎಳೆದುಕೊಳ್ಳುವುದರಿಂದ ಅದರ ಕಡೆ ತುಸು ಋಣ, ಜಲಜನಕದ ಕಡೆ ತುಸು ಧನ ವಿದ್ಯುದಂಶ. ಹೀಗಾಗಿ ಒಂದು ಅಣುವಿನ ಜಲಜನಕ ಪಕ್ಕದ ಅಣುವಿನ ಆಮ್ಲಜನಕಕ್ಕೆ ಅಂಟುತ್ತದೆ. ಈ ನಂಟನ್ನು ಹೈಡ್ರೋಜನ್ ಬಂಧ ಎನ್ನುತ್ತಾರೆ. ಒಂದೊಂದು ಬಂಧವೂ ದುರ್ಬಲ, ಕ್ಷಣಕ್ಷಣಕ್ಕೂ ಹರಿದು ಮತ್ತೆ ಕೂಡುವಂಥದ್ದು. ಕೋಟಿ ಕೋಟಿ ಸೇರಿದಾಗ ಮಾತ್ರ ಬಲ ಬರುತ್ತದೆ. ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲದ ಅಣು ನೀರಿನ ಅಣುವಿಗಿಂತ ಭಾರ, ಆದರೂ ಅದು ಮೈನಸ್ 60 ಡಿಗ್ರಿಯಲ್ಲೇ ಕುದಿದುಹೋಗುತ್ತದೆ. ನೀರು ಕುದಿಯಲು 100 ಡಿಗ್ರಿ ಬೇಕು. ಈ ನಂಟು ಇಲ್ಲದಿದ್ದರೆ ನಮ್ಮ ಬಿಸಿಲಿಗೆ ಕೆರೆಯಲ್ಲೂ ಕೊಡದಲ್ಲೂ ಒಂದು ಹನಿ ಉಳಿಯುತ್ತಿರಲಿಲ್ಲ.

ನೀರು ತನಗೆ ತಾನು ಅಂಟುವಂತೆ ಮಣ್ಣಿಗೂ ಅಂಟುತ್ತದೆ. ಎರಿಯಲ್ಲಿ ಮಾಂಟ್ಮೊರಿಲೊನೈಟ್ ಎಂಬ ಜೇಡಿ ಹೇರಳ. ಹಾಳೆಯ ಮೇಲೆ ಹಾಳೆ ಪೇರಿಸಿದಂತೆ ಅದರ ರಚನೆ. ಒಂದು ಹಾಳೆಯ ದಪ್ಪ ಒಂದು ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲು. ಶುದ್ಧ ರೂಪದಲ್ಲಿ ಒಂದು ಗ್ರಾಂ ತೆಗೆದುಕೊಂಡು ಹಾಳೆಗಳನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 700 ಚದರ ಮೀಟರ್ ಆದೀತು. ಆರು ಗ್ರಾಂ, ಅಂದರೆ ಸುಮಾರು ಒಂದು ಟೀ ಚಮಚದಷ್ಟು, ಒಂದು ಎಕರೆ ಹೊಲಕ್ಕೆ ಸಮ! ನೀರು ಈ ಹಾಳೆಗಳ ನಡುವೆ ನುಗ್ಗಿದಾಗ ಮಣ್ಣು ಉಬ್ಬುತ್ತದೆ, ಹೊರಬಂದಾಗ ಕುಗ್ಗಿ ಬಿರಿಯುತ್ತದೆ.

ಕಣಗಳ ಸಂದಿಗಳಲ್ಲಿ ನೀರು ಮೇಲಕ್ಕೂ ಏರುತ್ತದೆ. ದೀಪದ ಬತ್ತಿಯಲ್ಲಿ ಎಣ್ಣೆ ಏರುವ ಹಾಗೆ. ಸಂದಿಯ ಅಗಲ ಒಂದು ಮಿಲಿಮೀಟರಿನ ಐವತ್ತನೇ ಒಂದು ಪಾಲು ಇದ್ದರೆ ನೀರು ಲೆಕ್ಕದ ಪ್ರಕಾರ ಒಂದೂವರೆ ಮೀಟರ್ ಏರಬಲ್ಲದು. ಎಡೆಕುಂಟೆ ಹೊಡೆಯುವುದರ ಗುಟ್ಟು ಇಲ್ಲಿದೆ. ಅದು ಕಸ ತೆಗೆಯುತ್ತದೆ, ಬಿರುಕು ಮುಚ್ಚುತ್ತದೆ, ಜೊತೆಗೆ ಮೇಲ್ಪದರದ ಸಂದಿಗಳನ್ನು ಕಡಿದುಹಾಕುತ್ತದೆ. ಕೆಳಗಿನ ನೀರಿಗೆ ಬಿಸಿಲು ಮುಟ್ಟುವ ದಾರಿ ತುಂಡಾಗುತ್ತದೆ. ಅಣುವಿನ ಹೆಸರು ಯಾರಿಗೂ ಗೊತ್ತಿಲ್ಲದ ಕಾಲದಲ್ಲೇ ನಮ್ಮ ಹಿರಿಯರು ಈ ಕೆಲಸವನ್ನು ಹದವರಿತು ಮಾಡುತ್ತಿದ್ದರು.

ಇನ್ನು ಬೇರಿನಿಂದ ತೆನೆಗೆ. ಜೋಳದ ದಂಟಿನಲ್ಲಿ ಪಂಪಿಲ್ಲ. ಎಲೆಯ ಸಣ್ಣ ರಂಧ್ರಗಳಿಂದ ನೀರು ಆವಿಯಾದಂತೆಲ್ಲ ಹಿಂದಿನ ಅಣುಗಳು ಹಗ್ಗದಂತೆ ಮೇಲಕ್ಕೆ ಸೆಳೆಯಲ್ಪಡುತ್ತವೆ. ಅದೇ ಹಗ್ಗದಲ್ಲಿ ಮಣ್ಣಿನ ಸತ್ವವೂ ಕರಗಿ ಬರುತ್ತದೆ. ಕಾಳು, ಕಣಿಕೆ ಎಲ್ಲ ಕೂಡಿ ಒಂದು ಕಿಲೋ ಒಣ ಬೆಳೆ ಬರಲು ಜೋಳ ಸುಮಾರು 300 ಲೀಟರ್ ನೀರನ್ನು ಹೀಗೆ ಗಾಳಿಗೆ ಬಿಡುತ್ತದೆ. ಅದು ಪೋಲಾದ ನೀರಲ್ಲ. ಇಂಗಾಲದ ಡೈಆಕ್ಸೈಡ್ ಒಳಬರಲು ಬಾಗಿಲು ತೆರೆದಾಗ ತೆರಬೇಕಾದ ಸುಂಕ ಅದು, ಎಲೆ ಬಿಸಿಲಿಗೆ ಬೇಯದಂತೆ ತಂಪಿಡುವುದೂ ಅದೇ. ಮಣ್ಣಿನ ಹರವಿಯ ಮೈ ಸದಾ ಜಿನುಗುತ್ತಿದ್ದರೆ ಒಳಗಿನ ನೀರು ತಣ್ಣಗಿರುತ್ತದಲ್ಲ, ಹಾಗೆ. ಹರವಿಯ ನೂರರಲ್ಲಿ ಒಂದು ಪಾಲು ಆರಿದರೆ ಉಳಿದ ನೀರಿನಿಂದ ಐದಾರು ಡಿಗ್ರಿ ಬಿಸಿ ಕಳೆಯುವಷ್ಟು ಶಾಖ ಅದರೊಡನೆ ಹೋಗುತ್ತದೆ.

ಆದರೆ ಅಂಟಿಕೊಂಡದ್ದನ್ನು ಬಿಡಿಸಿಕೊಳ್ಳುವುದೂ ಕಷ್ಟ. ಎರಿಯಲ್ಲಿ ನೂರು ಗ್ರಾಂ ಒಣಮಣ್ಣಿಗೆ ಹದಿನೈದಿಪ್ಪತ್ತು ಗ್ರಾಂ ನೀರು ಇರುವಾಗಲೇ ಬೆಳೆ ಬಾಡಬಹುದು. ನೀರು ಇದೆ, ಜೇಡಿ ಬಿಡುತ್ತಿಲ್ಲ. ಆದ್ದರಿಂದಲೇ ಒಣಗಿದ ಎರಿಯ ಮೇಲೆ ಹನಿದು ಹೋಗುವ ಮಳೆಯಿಂದ ಬೆಳೆಗೆ ಏನೂ ದಕ್ಕುವುದಿಲ್ಲ.

ನೀರಿನ ಈ ಅಂಟುವ ಗುಣವೇ ನೆಲದಾಳದಲ್ಲಿ ನಮಗೆ ಮುಳುವಾಗಿದೆ. ಕೊಪ್ಪಳ, ಯಲಬುರ್ಗಾ, ಕುಷ್ಟಗಿ ಭಾಗದ ಅನೇಕ ಹಳ್ಳಿಗಳ ಬೋರಿನ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಗ್ರಾನೈಟು, ನೈಸ್ ಬಂಡೆಗಳ ಖನಿಜಗಳಲ್ಲಿರುವ ಫ್ಲೋರೈಡನ್ನು ನೀರಿನ ಅಣುಗಳು ಸುತ್ತುವರಿದು ಬಿಡಿಸಿಕೊಳ್ಳುತ್ತವೆ. ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತ ನೀರಿಗೆ ಅದಕ್ಕೆ ಬೇಕಾದಷ್ಟು ಪುರುಸೊತ್ತು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಿದ್ದರೆ 1.5. ಮೀರಿದ ನೀರನ್ನು ಮಕ್ಕಳು ಕುಡಿದು ಬೆಳೆದರೆ ಹಲ್ಲಿಗೆ ಕಂದು ಕಲೆ, ಹಲವು ವರ್ಷ ಕುಡಿದವರಿಗೆ ಕೀಲು ಬಿಗಿತ, ಸೊಂಟ ಬಾಗುವುದು. ಕಾಯಿಸಿದರೆ ಅದು ಹೋಗುವುದಿಲ್ಲ. ನೀರು ಆವಿಯಾಗಿ ಉಳಿದದ್ದರಲ್ಲಿ ಇನ್ನಷ್ಟು ಹೆಚ್ಚುತ್ತದೆ.

ಮಳೆ ನೀರು ಬಂಡೆಯನ್ನು ಮುಟ್ಟಿರುವುದಿಲ್ಲ. ಇಪ್ಪತ್ತು ಅಡಿ ಉದ್ದ, ಹದಿನೈದು ಅಡಿ ಅಗಲದ ಆರ್‌ಸಿಸಿ ಮಾಳಿಗೆಯ ಮೇಲೆ ವರ್ಷಕ್ಕೆ 550 ಮಿಲಿಮೀಟರ್ ಮಳೆ ಬಿದ್ದು, ಐದರಲ್ಲಿ ಒಂದು ಪಾಲು ಹಾಳಾದರೂ ಸುಮಾರು 12,000 ಲೀಟರ್ ಕೈಗೆ ಸಿಗುತ್ತದೆ. ಕುಡಿಯಲು, ಅಡುಗೆಗೆ ದಿನಕ್ಕೆ 30 ಲೀಟರ್ ಬಳಸುವ ಮನೆಗೆ ವರ್ಷಕ್ಕೆ ಬೇಕಾಗುವುದು ಸುಮಾರು 11,000 ಲೀಟರ್. ಶೇಖರಿಸುವ ಮುನ್ನ ಮಾಳಿಗೆ ಗುಡಿಸಿ, ಮೊದಲ ಮಳೆಯನ್ನು ಹೊರಕ್ಕೆ ಬಿಡಬೇಕು. ದೂಳು, ಹಕ್ಕಿಯ ಹಿಕ್ಕೆ, ಹೊಗೆಯ ಮಸಿ, ಏನು ಸಿಕ್ಕರೂ ನೀರು ಅದನ್ನು ತನ್ನೊಡನೆ ಕರೆದುಕೊಂಡೇ ಇಳಿಯುತ್ತದೆ.