ಮುಂಬಯಿಯ ಪೀಠವೇರಿದ ಮೊದಲ ಭಾರತೀಯ: ಕಾರ್ಡಿನಲ್ ಗ್ರೇಷಿಯಸ್

ಕೊಲಾಬಾದ ಹೋಟೆಲುಗಳಲ್ಲಿ ದುಡಿಯುವ ನಮ್ಮ ಬಂಧುಗಳು ಅಲ್ಲಿಯ ಅವಳಿ ಗೋಪುರಗಳ ಹೋಲಿ ನೇಮ್ ಇಗರ್ಜಿಯನ್ನು ದಿನವೂ ಕಾಣುತ್ತಿರುತ್ತಾರೆ. ಮುಂಬಯಿಯ ರೋಮನ್ ಕ್ಯಾಥೊಲಿಕರ ಆರ್ಚ್‌ಬಿಷಪ್ಪರ ಪೀಠವಿರುವುದು ಅಲ್ಲಿಯೇ. ಭಾರತ ಸ್ವತಂತ್ರವಾಗಿ ಮೂರು ವರ್ಷ ಕಳೆದ ಮೇಲೂ ಈ ಪೀಠದಲ್ಲಿ ಯಾರು ಕುಳ್ಳಿರಬೇಕೆಂಬ ವಿಷಯದಲ್ಲಿ ಪೋರ್ತುಗಲ್ ದೇಶಕ್ಕೆ ಹಕ್ಕಿದ್ದಿತೆಂದರೆ ನಮ್ಮ ವಾಚಕರಲ್ಲಿ ಅನೇಕರು ನಂಬಲಾರರು. ಆ ಹಕ್ಕು ಅಳಿದ ಮೇಲೆ ಪೀಠವೇರಿದ ಮೊದಲ ಭಾರತೀಯರೇ ವಲೇರಿಯನ್ ಗ್ರೇಷಿಯಸರು.

ಬಿಷಪ್ ಎಂಬ ಶಬ್ದ ಗ್ರೀಕ್ ಮೂಲದ್ದು, ಮೇಲ್ವಿಚಾರಕನೆಂದು ಅರ್ಥ. ಒಂದು ಪ್ರಾಂತದ ಇಗರ್ಜಿಗಳು, ಪಾದ್ರಿಗಳು, ಇವರೆಲ್ಲರ ಹೊಣೆ ಅವನದು. ಸುತ್ತಲಿನ ಪ್ರಾಂತಗಳ ಪೈಕಿ ಹಿರಿಯ ಪೀಠದವನು ಆರ್ಚ್‌ಬಿಷಪ್. ಕಾರ್ಡಿನಲ್ ಎಂಬುದಾದರೋ ಪೋಪರು ತಾವೇ ಆರಿಸಿ ಕೊಡುವ ಗೌರವ. ಬಾಗಿಲು ತಿರುಗುವ ಕೀಲಿಗೆ ಲ್ಯಾಟಿನ್ನಿನಲ್ಲಿರುವ ಹೆಸರಿನಿಂದ ಹುಟ್ಟಿದ ಶಬ್ದವದು. ಪೋಪರು ತೀರಿಕೊಂಡಾಗ ಮುಂದಿನ ಪೋಪರನ್ನು ಚುನಾಯಿಸುವವರು ಈ ಕಾರ್ಡಿನಲರೇ.

ಗ್ರೇಷಿಯಸರು ಹುಟ್ಟಿದ್ದು 1900ನೆಯ ಇಸವಿ ಅಕ್ಟೋಬರದಲ್ಲಿ, ಕರಾಚಿಯಲ್ಲಿ. ತಾಯ್ತಂದೆಗಳು ಗೋವೆಯವರು. ಹೊಟ್ಟೆಪಾಡಿಗಾಗಿ ಗೋವೆಯ ಜನರು ಕರಾಚಿಗೂ ಮುಂಬಯಿಗೂ ಹೋಗಿ ಅಡಿಗೆಯವರಾಗಿ, ಗುಮಾಸ್ತರಾಗಿ, ಹಡಗಿನ ಖಲಾಸಿಗಳಾಗಿ ದುಡಿದರು. ಧೋಬಿತಲಾವಿನ ಸುತ್ತ ಒಂದೊಂದು ಹಳ್ಳಿಯವರು ಒಂದೊಂದು 'ಕೂಡ' ಮಾಡಿಕೊಂಡು, ಪೆಟ್ಟಿಗೆಗಳನ್ನು ಗೋಡೆಗೆ ಸಾಲಾಗಿಟ್ಟು ಮಲಗುತ್ತಿದ್ದರು. ಹೋಟೆಲಿನ ಅಟ್ಟದ ಮೇಲೆ ಚಾಪೆ ಹಾಸಿಕೊಂಡು ಬಾಳಿದ ನಮ್ಮವರಿಗೆ ಈ ಚಿತ್ರ ಹೊಸದಲ್ಲ.

ಕನ್ನಡನಾಡಿನೊಡನೆಯೂ ಅವರ ನಂಟು ಇದ್ದಿತು. ಗುರುದೀಕ್ಷೆಯ ವಿದ್ಯಾಭ್ಯಾಸಕ್ಕಾಗಿ ಅವರು ಮಂಗಳೂರಿನ ಜೆಪ್ಪುವಿನಲ್ಲಿರುವ ಸಂತ ಜೋಸೆಫರ ಸೆಮಿನರಿಗೆ ಸೇರಿದರು. ಏಸುಸಭೆಯವರು 1879ರಲ್ಲಿ ತೆರೆದ ಸಂಸ್ಥೆಯದು. ಅಲ್ಲಿಂದ ಸಿಂಹಳದ ಕ್ಯಾಂಡಿಯ ಪೇಪಲ್ ಸೆಮಿನರಿಗೆ ನಡೆದರು. (ಪುಣೆಯ ವಾಚಕರು ಬಲ್ಲ ನಗರ ರಸ್ತೆಯ ಸೆಮಿನರಿ ಇದೇ, 1955ರಲ್ಲಿ ಅದು ಕ್ಯಾಂಡಿಯಿಂದ ಅಲ್ಲಿಗೆ ಬಂದಿತು.) 1926ರಲ್ಲಿ ದೀಕ್ಷೆಯಾಯಿತು. ಬಳಿಕ ರೋಮಿನಲ್ಲಿ ವ್ಯಾಸಂಗ ಮಾಡಿ ಮರಳಿದ ಅವರು ಆರ್ಚ್‌ಬಿಷಪ್ಪರ ಕಾರ್ಯದರ್ಶಿಗಳಾದರು. 'ಎಗ್ಸಾಮಿನರ್' ಪತ್ರಿಕೆಯ ಸಂಪಾದಕತ್ವವನ್ನೂ ವಹಿಸಿದರು. 1941ರ ಕೊನೆಯಲ್ಲಿ ಹೋಲಿ ನೇಮ್ ಇಗರ್ಜಿಯ ಮುಖ್ಯ ಗುರುಗಳಾದರು. ಆ ಸ್ಥಾನಕ್ಕೂ ಅವರೇ ಮೊದಲ ಭಾರತೀಯರು.

ಇನ್ನು ಆ ವಿಚಿತ್ರ ಹಕ್ಕಿನ ಕಥೆ. ಪೂರ್ವದೇಶಗಳ ಇಗರ್ಜಿಗಳ ಪೋಷಣೆಯ ಹೊಣೆಯನ್ನೂ ಬಿಷಪ್ಪರನ್ನು ಸೂಚಿಸುವ ಅಧಿಕಾರವನ್ನೂ ಹಿಂದಿನ ಪೋಪರು ಪೋರ್ತುಗಲ್ಲಿನ ಅರಸರಿಗೆ ಕೊಟ್ಟಿದ್ದರು. 1661ರ ವಿವಾಹದ ಒಪ್ಪಂದದಂತೆ ಮುಂಬಯಿ ದ್ವೀಪ ಬಳುವಳಿಯಾಗಿ ಆಂಗ್ಲರ ಪಾಲಾದರೂ ಅಲ್ಲಿಯ ಇಗರ್ಜಿಗಳ ಮೇಲಿನ ಹಕ್ಕನ್ನು ಪೋರ್ತುಗೀಜರು ಬಿಡಲಿಲ್ಲ. ಹೀಗಾಗಿ ಒಂದೇ ಪಟ್ಟಣದ ಕೆಲವು ಇಗರ್ಜಿಗಳು ಅವರ ಬಿಷಪ್ಪರಿಗೂ ಉಳಿದವು ರೋಮು ನೇರವಾಗಿ ನೇಮಿಸಿದವರಿಗೂ ಅಧೀನವಾಗಿದ್ದವು. ಒಂದೇ ಹೋಟೆಲಿಗೆ ಇಬ್ಬರು ಯಜಮಾನರಾದರೆ ಮಾಣಿಗಳ ಪಾಡೇನೆಂಬುದನ್ನು ವಾಚಕರಿಗೆ ನಾವು ವಿವರಿಸಬೇಕಾಗಿಲ್ಲ. 1928ರಲ್ಲಿ ರಾಜಿಯಾಯಿತು: ಪ್ರಾಂತ ಒಂದೇ, ಆದರೆ ಆರ್ಚ್‌ಬಿಷಪ್ಪನು ಒಮ್ಮೆ ಪೋರ್ತುಗೀಜನಾಗಿರಬೇಕು, ಮತ್ತೊಮ್ಮೆ ಬ್ರಿಟಿಷನಾಗಿರಬೇಕು. ಭಾರತೀಯನ ಸರದಿ ಆ ಕರಾರಿನಲ್ಲಿ ಇರಲೇ ಇಲ್ಲ!

ಮೊದಲು ಪೋರ್ತುಗೀಜ ಲಿಮಾ ಬಂದರು. 1937ರಲ್ಲಿ ಆಂಗ್ಲ ಏಸುಸಭೆಯ ಥಾಮಸ್ ರಾಬರ್ಟ್ಸ್ ಬಂದರು. ರಾಬರ್ಟ್ಸರು ಒಡನೆ ರಾಜೀನಾಮೆ ಇತ್ತಿದ್ದರೆ ಕರಾರಿನಂತೆ ಮತ್ತೆ ಪೋರ್ತುಗೀಜನೇ ಬರಬೇಕಾಗಿತ್ತು. 1946ರಲ್ಲಿ ಗ್ರೇಷಿಯಸರು ಸಹಾಯಕ ಬಿಷಪ್ಪರಾದರು. ರಾಬರ್ಟ್ಸರು ಆಡಳಿತವನ್ನೆಲ್ಲ ಅವರ ಕೈಗಿತ್ತು, ಹೆಸರಿಗೆ ಮಾತ್ರ ತಾವು ಆರ್ಚ್‌ಬಿಷಪ್ಪರಾಗಿ ಉಳಿದು, ಮುಂಬಯಿಯಿಂದ ದೂರ ಹೋದರು. ಆಗ ಅವರಿಗೆ ಐವತ್ತಮೂರರ ಪ್ರಾಯ. ನಾಲ್ಕು ದಿನ ಊರಿಗೆ ಹೋಗಿಬರಲು ಸ್ವಂತ ಅಳಿಯನನ್ನು ಗಲ್ಲಾದ ಮೇಲೆ ಕುಳ್ಳಿರಿಸುವಾಗಲೂ ಬೀಗದ ಕೈಗೊಂಚಲನ್ನು ಬಿಡಲು ಮನಸ್ಸು ಒಪ್ಪುವುದಿಲ್ಲ; ಹೋಟೆಲು ನಡೆಸಿದ ನಮಗೆ ಇದು ಅನುಭವಸಿದ್ಧ. ಅಧಿಕಾರವುಳ್ಳವನು ಅದನ್ನು ಬಿಡಲೆಂದೇ ನಾಲ್ಕು ವರ್ಷ ಹೊರಗೆ ಕಾದದ್ದನ್ನು ನಾವು ಸಾಮಾನ್ಯವೆಂದು ತಿಳಿಯಲಾರೆವು.

1950ರ ಜುಲಾಯಿಯಲ್ಲಿ ಪೋರ್ತುಗಲ್ ತನ್ನ ಹಕ್ಕನ್ನು ಬಿಟ್ಟುಕೊಟ್ಟಿತು. ಅದೇ ಡಿಸೆಂಬರದಲ್ಲಿ ಗ್ರೇಷಿಯಸರು ಆರ್ಚ್‌ಬಿಷಪ್ಪರಾದರು. ಅವರ ಹಿರಿಯರ ಗೋವೆಯಾದರೋ ಇನ್ನೂ ಹನ್ನೊಂದು ವರ್ಷ, 1961ರ ಡಿಸೆಂಬರದವರೆಗೆ, ಪೋರ್ತುಗೀಜರ ಕೈಯಲ್ಲಿಯೇ ಇದ್ದಿತು.

1953ರ ಜನವರಿಯಲ್ಲಿ ಹನ್ನೆರಡನೆಯ ಪಿಯೂಸ್ ಪೋಪರು ಅವರನ್ನು ಕಾರ್ಡಿನಲ್ ಮಾಡಿದರು. ಭಾರತದಲ್ಲಿ ಅವರೇ ಮೊದಲಿಗರು. 1958ರಲ್ಲಿಯೂ 1963ರಲ್ಲಿಯೂ ಪೋಪರ ಚುನಾವಣೆಯಲ್ಲಿ ಮತವಿತ್ತರು. 1964ರಲ್ಲಿ ಮುಂಬಯಿಯಲ್ಲಿ ಅಂತರರಾಷ್ಟ್ರೀಯ ಯೂಖರಿಸ್ಟ್ ಮಹಾಸಭೆ ನೆರೆದಾಗ ಆತಿಥ್ಯ ಅವರದೇ. ಆ ಡಿಸೆಂಬರ 2ರಂದು ಆರನೆಯ ಪೌಲ್ ಪೋಪರು ಮುಂಬಯಿಯಲ್ಲಿ ಇಳಿದರು. ಅದಕ್ಕೆ ಮುಂಚೆ ಯಾವ ಪೋಪರೂ ಭಾರತದಲ್ಲಿ ಕಾಲಿಟ್ಟಿರಲಿಲ್ಲ. 1966ರಲ್ಲಿ ಭಾರತ ಸರಕಾರ ಗ್ರೇಷಿಯಸರಿಗೆ ಪದ್ಮವಿಭೂಷಣವನ್ನಿತ್ತಿತು.

1978ರ ಆಗಸ್ಟದಲ್ಲಿ ಮತ್ತೆ ಪೋಪರ ಚುನಾವಣೆ ಬಂದಾಗ ಅಸ್ವಸ್ಥತೆಯಿಂದ ಅವರಿಗೆ ರೋಮಿಗೆ ಹೋಗಲಾಗಲಿಲ್ಲ. ಸೆಪ್ಟೆಂಬರ 11ರಂದು ಮುಂಬಯಿಯಲ್ಲಿ ತೀರಿಕೊಂಡರು. ಅವರ ತರುವಾಯ ಪೀಠವೇರಿದ ಸೈಮನ್ ಪಿಮೆಂತಾ ಅವರ ಹುಟ್ಟೂರು ಇಲ್ಲಿಯದೇ, ಅಂಧೇರಿಯಾಚೆಯ ಮರೋಳ.